ಹಲ್ಲೆಣಿಸುವವಳು

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ.
ನನಗಿಲ್ಲಿ ಅದೇ ಕೆಲಸ.

ಫ್ರೇಜರ್‌ಬರೋ. ಚರ್ಚಿನ ನೆಲಮಾಳಿಗೆ. ಡಿಸೆಂಬರು.
ಮೂರೂವರೆಗೆಲ್ಲ ಕತ್ತಲು ಬಂದು ಬಂದರಿನ ಮೇಲೆ ಕೂರುತ್ತದೆ.
ಡಬ್ಬಿ ಎತ್ತು, ತಿರುಗಿಸು, ತಾರೀಖು ನೋಡು.
ದಿನ ಉಳಿದಿದ್ದರೆ ಎಡಕ್ಕೆ, ಕಪಾಟಿಗೆ.
ತೀರಿದ್ದರೆ ಬಲಕ್ಕೆ, ಡ್ರಮ್ಮಿಗೆ.

ಏನೇನು ಬರುತ್ತದೆ ಅಂತೀರಿ.
ಹನ್ನೊಂದು ವರ್ಷ ಹಳೆಯ ಬಟಾಣಿ,
ಯಾವುದೋ ಸಾವಿನ ಮನೆಯಲ್ಲಿ ಕಪಾಟು ಬಳಿದು ತಂದದ್ದು.
ಬೆಳ್ಳಿ ರಿಬ್ಬನ್ನು ಕಟ್ಟಿದ ಪುಟ್ಟ ಆಲಿವ್ ಶೀಷೆ,
ಮೂರು ಕ್ರಿಸ್‌ಮಸ್ ಮೂರು ಮನೆ ಸುತ್ತಿ, ತಿನ್ನುವವರಿಲ್ಲದೆ ಇಲ್ಲಿಗೆ.
ಒಂಟಿ ಕೈಗವಸು. ಎಡಗೈಯದು.
ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆಂಬ ಮಾತನ್ನು
ಹೀಗೂ ಅರ್ಥ ಮಾಡಿಕೊಂಡವರುಂಟು.
ಮತ್ತೆ, ಪಿನ್ನು ಹೊಡೆದು ಮುಚ್ಚಿದ ಮಿಠಾಯಿ ಪೊಟ್ಟಣ,
ಮೇಲೆ ಸೊಟ್ಟ ಅಕ್ಷರ:
‘ಎರಡು ತಿಂದಿದ್ದೇನೆ. ಸಾರಿ.’
ತೆರೆದ ಪೊಟ್ಟಣ ಡ್ರಮ್ಮಿಗೆ, ಇದು ನಿಯಮ.
ಚೀಟಿ ಮಾತ್ರ ನನ್ನ ಏಪ್ರನ್ನಿನ ಜೇಬಿಗೆ.

ಹಬ್ಬ ಹತ್ತಿರವಾದಂತೆ ಊರಿನ ಎದೆ ಕರಗುತ್ತದೆ,
ಮೆಟ್ಟಿಲ ಮೇಲೂ ರಟ್ಟಿನ ಪೆಟ್ಟಿಗೆ.
ಜನವರಿ ಎರಡಕ್ಕೆ ನಲ್ಲಿ ತಿರುಗಿಸಿದ ಹಾಗೆ ನಿಂತುಹೋಗುತ್ತದೆ.
ಹೊಟ್ಟೆಗೆ ಕ್ಯಾಲೆಂಡರ್ ಓದಲು ಯಾರೂ ಕಲಿಸಿಲ್ಲ,
ಎನ್ನುತ್ತಾಳೆ ಯುರ್ಗಿತಾ, ಟೇಪು ಹಲ್ಲಲ್ಲಿ ಕಚ್ಚಿ ಹರಿಯುತ್ತ.
ಅವಳೂ ಮೀನಿನ ಕಾರ್ಖಾನೆಯಲ್ಲಿದ್ದವಳು.
ಆಗಸ್ಟಿನಲ್ಲಿ ಅದು ಬಾಗಿಲು ಹಾಕಿತು,
ಇನ್ನೂ ಅವಳ ಬೆರಳಿಗೆ ಹ್ಯಾಡಕ್ ವಾಸನೆ. ಅಥವಾ ನನಗೆ ಹಾಗನ್ನಿಸುತ್ತದೆ.

ಇಪ್ಪತ್ತೊಂದರ ಸಂಜೆ ಮರ್ಡೋ ವಾಟ್ ಬಂದ.
ಹದಿನೈದು ವರ್ಷ ಮುಂದಿನ ಬಾಗಿಲಿನಿಂದ ಬರುತ್ತಿದ್ದವನು,
ಹೆಗಲ ಮೇಲೆ ಹನ್ನೆರಡು ಡಬ್ಬಿ ಪೀಚ್ ಹಣ್ಣು,
ಒಂದೊಂದರ ತಾರೀಖಿನ ಸುತ್ತ
ಇಸೋಬೆಲ್ ನೀಲಿ ಪೆನ್ನಲ್ಲಿ ಎಳೆದ ಗೆರೆ.
ನನಗೆ ತಿರುಗಿಸುವ ಕಷ್ಟ ಬೇಡವೆಂದು.

ಈ ಸಲ ಪಕ್ಕದ ಬಾಗಿಲು.
ಟೋಪಿ ಕೈಯಲ್ಲಿ. ಕೈ ಖಾಲಿ.

ಅವನು ನನ್ನನ್ನು ಗುರುತಿಸಲಿಲ್ಲ.
ನಾನೂ ಅವನನ್ನು ಗುರುತಿಸಲಿಲ್ಲ.
ಒಂದೇ ಬೀದಿಯವರು, ಎಷ್ಟು ಚೆನ್ನಾಗಿ ನಟಿಸಿದೆವು.

ಫಾರ್ಮು ತೆಗೆದೆ. ಹೆಸರು. ವಿಳಾಸ.
ಅಲರ್ಜಿ ಏನಾದರೂ?
ಮನೆಯಲ್ಲಿ ಎಷ್ಟು ಜನ?

‘ಇಬ್ಬರು’ ಅಂದ.

ಮಾರ್ಚಿಯಲ್ಲಿ, ಗಾಳಿಗೆ ಹಾಡಿನ ಪುಸ್ತಕದ ಹಾಳೆ ನಿಲ್ಲದ ದಿನ,
ಆ ಗುಂಡಿಯ ಅಂಚಿನಲ್ಲಿ ನಾನೂ ನಿಂತಿದ್ದೆ.
ಸ್ಯಾಂಡ್‌ವಿಚ್ ಕತ್ತರಿಸಿ ಹಂಚಿದ್ದೆ.
ಇವನ ಕರಿ ಕೋಟಿನ ಗುಂಡಿ ತಪ್ಪು ಕಾಜಕ್ಕೆ ಬಿದ್ದಿತ್ತು,
ಸರಿಮಾಡುವವಳು ಇರಲಿಲ್ಲ.

ಪೆನ್ನು ಕಾಗದದ ಮೇಲೆ ನಿಂತಿತು.
ಒಬ್ಬರಿಗೆ ಒಂದು ಚೀಲ, ಇಬ್ಬರಿಗೆ ಎರಡು.
ಹಸಿವಿಗೆ ಹೇಳಿದ ಸುಳ್ಳೋ, ಇನ್ನೂ ಬಾಯಿಗೆ ಬಾರದ ಸತ್ಯವೋ,
ಅವನ ಮುಖ ನೋಡಿ ಹೇಳಲಾಗಲಿಲ್ಲ.
ನೋಡಲೂ ಇಲ್ಲ.
‘2’ ಎಂದು ಬರೆದೆ.
ಯುರ್ಗಿತಾ ಓದಿದಳು, ನನ್ನತ್ತ ನೋಡಿದಳು,
ಎರಡನೆಯ ಚೀಲ ಬಿಡಿಸಿದಳು.

ಟೀ, ಓಟ್ಸು, ಸೂಪು, ಒಣ ಕೇಕು, ಎರಡು ಸಾಬೂನು.
ಬಾಗಿಲವರೆಗೆ ಹೋದವನು ತಿರುಗಿ ಬಂದ.
ಚೀಲದೊಳಗೆ ಕೈಹಾಕಿ ತಡಕಾಡಿ
ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಪೀಚ್.
‘ಇದು ನಮ್ಮ ಕಡೆಯಿಂದ’ ಅಂದ,
‘ಯಾರಿಗಾದರೂ ಬೇಕಾಗುತ್ತದೆ.’

ಬಾಗಿಲು ಮುಚ್ಚಿತು. ಸ್ವಲ್ಪ ಸಮುದ್ರ ಒಳಗೆ ಬಂತು.

ಡಬ್ಬಿ ಎತ್ತಿದೆ.
ಅಭ್ಯಾಸ ನೋಡಿ,
ತಿರುಗಿಸಿಬಿಟ್ಟೆ.